ಹೋವರ್‌ಕ್ರಾಫ್ಟಿಗೆ ಲಂಗ ಹೊಲಿದ ವರ್ಷ

ಬಳ್ಳಾರಿಯ ಮೂರು ಟಾರ್ಪಾಲು ಅಂಗಡಿಯವರು ಒಂದೊಂದು ತುಂಡು ಹೊಲಿದು ನೋಡಿ, ಆಗದೆಂದು ಕೈಮುಗಿದು ಕಳಿಸಿದ ಮೇಲೆ ಆ ಇಂಜಿನಿಯರು ನನ್ನ ಹೊಲಿಗೆ ಶೆಡ್ಡಿಗೆ ಬಂದರು. ಕೈಯಲ್ಲಿ ಒಂದು ಮೊಳ ಕಪ್ಪು ಬಟ್ಟೆ, ಎರಡೂ ಬದಿಗೆ ರಬ್ಬರು ಬಳಿದದ್ದು. ನಾನು ಅದನ್ನು ಬೆರಳ ನಡುವೆ ಉಜ್ಜಿದೆ, ಅಡ್ಡಕ್ಕೂ ಉದ್ದಕ್ಕೂ ಎಳೆದೆ, ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ನೋಡಿದೆ. ಇಪ್ಪತ್ತೆರಡು ವರ್ಷ ಜೀನ್ಸ್ ಹೊಲಿಸಿದವಳ ಬೆರಳಿಗೆ ಬಟ್ಟೆಯ ಗುಣ ತಾನಾಗಿ ತಿಳಿಯುತ್ತದೆ. ಈ ಬಟ್ಟೆ ಹರಿಯುವುದಿಲ್ಲ. ಹರಿದರೆ ಹೊಲಿಗೆಯೇ ಹರಿಯಬೇಕು.

“ಏನ್ ಹೊಲೀಬೇಕ್ರಿ ಇದರಾಗ?” ಎಂದೆ.

“ಸ್ಕರ್ಟು.”

ನಡೆಯುತ್ತಿದ್ದ ಮಷೀನುಗಳೆಲ್ಲ ಒಟ್ಟಿಗೆ ನಿಂತವು. ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮಷೀನಿನವಳಿಗೆ ಬಾಯಿ ಕಟ್ಟುವುದು ಯಾವತ್ತೂ ಗೊತ್ತಿಲ್ಲ. “ಯಾರ ಅಳತಿ ಸರ? ಸೊಂಟ ಎಷ್ಟರೀ?” ಎಂದು ಕೇಳಿಯೇಬಿಟ್ಟಳು.

“ಸೊಂಟ ಎಂಬತ್ತು ಅಡಿ,” ಎಂದರು ಇಂಜಿನಿಯರು, ಒಂಚೂರೂ ನಗದೆ.

ನಮ್ಮ ನಗು ನಿಲ್ಲುವ ತನಕ ಅವರು ಕಾದರು. ಆಮೇಲೆ ಕಟಿಂಗ್ ಟೇಬಲ್ಲಿನ ಮೇಲೆ ನಕ್ಷೆ ಹಾಸಿದರು. ಅವರ ಊರು ಕುರುಗೋಡು. ಮೂವತ್ತು ವರ್ಷ ಕಡಲ ದಂಡೆಯ ಹಡಗು ಕಟ್ಟುವ ಕಡೆ ದುಡಿದು, ನಿವೃತ್ತಿಯಾಗಿ, ಊರಿನ ಗುಡ್ಡದ ಬುಡದಲ್ಲಿ ಮುಚ್ಚಿಹೋಗಿದ್ದ ಕಲ್ಲು ಪಾಲಿಶಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದಿದ್ದರು. ಅಲ್ಲಿ ಹನ್ನೆರಡು ಜನ ಕೂರುವ ಹೋವರ್‌ಕ್ರಾಫ್ಟ್ ಕಟ್ಟುತ್ತಿದ್ದರು. ನೀರು, ಮರಳು, ಕೆಸರು ಯಾವುದಿದ್ದರೂ ಅದರ ಮೇಲೆ ಗಾಳಿಯ ಮೆತ್ತೆಯಲ್ಲಿ ಜಾರುತ್ತ ಹೋಗುವ ಬಸ್ಸು ಅಂದುಕೊಳ್ಳಿ. ಒಂದು ದೊಡ್ಡ ಫ್ಯಾನು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಆ ಗಾಳಿ ಪಕ್ಕಕ್ಕೆ ಓಡಿಹೋಗದಂತೆ ಸುತ್ತಲೂ ಹಿಡಿದಿಡುವುದು ಈ ಸ್ಕರ್ಟು. ಅದಿಲ್ಲದಿದ್ದರೆ ಅಷ್ಟು ದೊಡ್ಡ ಇಂಜಿನ್ನು ಧೂಳು ಎಬ್ಬಿಸಬಹುದೇ ಹೊರತು ಮತ್ತೇನೂ ಮಾಡಲಾರದು.

“ಹಂಗಾರ ಇಡೀ ಗಾಡಿ ನಿಂತಿರೋದು ಲಂಗದ ಮ್ಯಾಲ ಅನ್ರಿ,” ಎಂದೆ.

“ಹೌದ್ರಿ ಅಕ್ಕಾರ. ಇಂಜಿನ್ ರೊಕ್ಕ ಕೊಟ್ರ ಸಿಗತೈತಿ. ಲಂಗ ಹೊಲಿಯೋರು ಸಿಗವಲ್ರು.”

ನನ್ನ ಶೆಡ್ಡು ಕಂಟೋನ್ಮೆಂಟಿನ ಹಿಂದಿನ ಓಣಿಯಲ್ಲಿದೆ. ಕಾಲಲ್ಲಿ ತುಳಿಯುವ ಒಂದು ಮಷೀನಿನಿಂದ ಶುರು ಮಾಡಿ ಇಪ್ಪತ್ನಾಲ್ಕಕ್ಕೆ ತಂದಿದ್ದೆ. ಆದರೆ ಇಂಜಿನಿಯರು ಬಂದ ದಿನ ಅವುಗಳಲ್ಲಿ ಎಂಟರ ಮೇಲೆ ಹಳೇ ಬೆಡ್‌ಶೀಟು ಹೊದಿಸಿತ್ತು. ದೊಡ್ಡ ಆರ್ಡರುಗಳು ಕಂಪ್ಯೂಟರಿನಲ್ಲಿ ಕತ್ತರಿಸುವ ದೊಡ್ಡ ಕಾರ್ಖಾನೆಗಳ ಪಾಲಾಗುತ್ತಿದ್ದವು. ಆ ಎಂಟು ಮಷೀನಿನ ಹೆಂಗಸರಿಗೆ ‘ನಾಡಿದ್ದು ಬರ್ರಿ’, ‘ಹುಣ್ಣಿಮಿ ಆಗ್ಲಿ’ ಎನ್ನುತ್ತ ತಿಂಗಳು ದೂಡುತ್ತಿದ್ದೆ. ಅವರು ಸಿಟ್ಟಾಗುತ್ತಿರಲಿಲ್ಲ, ನನ್ನ ಮಾತನ್ನು ನಂಬಿ ವಾಪಸ್ ಹೋಗುತ್ತಿದ್ದರು. ಅದನ್ನೇ ನನಗೆ ಸಹಿಸಲಾಗುತ್ತಿರಲಿಲ್ಲ.

ಇಂಜಿನಿಯರ ಕಥೆ ಇನ್ನೂ ಬಿಗಿಯಾಗಿತ್ತು. ದೊಡ್ಡ ಅಣೆಕಟ್ಟೊಂದರ ಹಿನ್ನೀರಿನ ಊರುಗಳಿಗೆ ದೋಣಿ ಓಡಿಸುವ ಸಂಸ್ಥೆಯೊಂದು ಅವರ ಜೊತೆ ಮಾತಾಡಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಅಲ್ಲಿ ಮೈಲುಗಟ್ಟಲೆ ಕೆಸರು. ದೋಣಿ ಹೂತುಕೊಳ್ಳುತ್ತದೆ, ಬಸುರಿಯರೂ ಮುದುಕರೂ ಮೊಣಕಾಲುದ್ದ ರಾಡಿಯಲ್ಲಿ ನಡೆದು ದಡ ಸೇರಬೇಕು. ಅಲ್ಲಿಗೆ ಈ ವಾಹನ ಬೇಕಿತ್ತು. ಸಂಕ್ರಾಂತಿ ಕಳೆದ ಮೇಲೆ ಸಂಸ್ಥೆಯ ಮ್ಯಾನೇಜರು ಬಂದು ಪರೀಕ್ಷೆ ನೋಡುತ್ತಾರೆ. ಪಾಸಾದರೆ ನಾಲ್ಕು ವಾಹನದ ಆರ್ಡರು. ಇಲ್ಲವಾದರೆ ಕುರುಗೋಡಿನ ಶೆಡ್ಡಿಗೆ ಬೀಗ.

“ಒಂದು ಸ್ಕರ್ಟಿಗೆ ಏನ್ ತಗೊಂತೀರಿ?” ಎಂದು ಕೇಳಿದರು.

ವ್ಯಾಪಾರಕ್ಕೆ ಇಳಿಯುವವರು ಇಲ್ಲಿ ನಿಂತು ಒಂದು ಮಾತು ಕೇಳಿಸಿಕೊಳ್ಳಿ. ಎದುರಿನವರು ತಾವಾಗಿ ಬೆಲೆ ಕೇಳಿದರೆ ಅವರಿಗೆ ಅವಸರವಿದೆ ಎಂದರ್ಥ. ಅವಸರದಲ್ಲಿರುವವರ ಹತ್ತಿರ ಹೆಚ್ಚು ದುಡ್ಡು ಕೇಳುವುದು ಸಣ್ಣ ಬುದ್ಧಿ, ಮುಂದಿನ ಕೆಲಸ ಕೇಳಬೇಕು.

“ಈ ಒಂದಕ್ಕ ನಾನು ಕೂಲಿ ತಗಳಂಗಿಲ್ರಿ. ಬಟ್ಟಿ ನಿಮ್ಮದು, ದಾರ ನಿಮ್ಮದು, ಹೊಲಿಗಿ ನಂದು. ಆದ್ರ ಇನ್ನ ಮುಂದ ನೀವು ಎಷ್ಟು ಗಾಡಿ ಕಟ್ತೀರೋ ಅಷ್ಟಕ್ಕೂ ಲಂಗ ನನ್ನ ಶೆಡ್ಡಿನಾಗ ಹೊಲೀಬೇಕು. ಸವದ್ರ ರಿಪೇರಿನೂ ಇಲ್ಲೇ. ಬರಕೊಡ್ರಿ.”

“ಇನ್ನೂ ಒಂದು ನೆಲ ಬಿಟ್ಟು ಎದ್ದಿಲ್ಲ, ನೀವು ಹತ್ತನೇದರ ಲಂಗಕ್ಕ ಗಂಟು ಬಿದ್ರೆಲ್ರೀ!”

“ಎದ್ದ ಮ್ಯಾಲ ಕೇಳಿದ್ರ ನನ್ನ ಮಾತು ನಿಮ್ಮ ಕಿವಿಗೆ ಬೀಳತೈತೇನ್ರಿ?”

ಅವರು ಪೆನ್ನು ತೆಗೆದು ನಕ್ಷೆಯ ಹಿಂಬದಿಯಲ್ಲೇ ಬರೆದು ಸಹಿ ಹಾಕಿದರು. ನಮ್ಮ ಕಟಿಂಗ್ ಮಾಸ್ಟರು ಸಾಕ್ಷಿ. ಹದಿನೆಂಟು ವರ್ಷದಿಂದ ನನ್ನಲ್ಲಿರುವ, ಮಾತು ಕಡಿಮೆ ಕತ್ತರಿ ಹೆಚ್ಚು ಎನ್ನುವ ಹಿರಿಯರು ಅವರು. ಸಹಿ ಒಣಗುವ ಮೊದಲೇ ಅವರು ಕನ್ನಡಕ ಏರಿಸಿ ನಕ್ಷೆಯ ಮೇಲೆ ಬಗ್ಗಿದ್ದರು.

ಮಾರನೇ ವಾರ ಮಾಸ್ಟರೂ ನಾನೂ ಕುರುಗೋಡಿಗೆ ಹೋಗಿ ಗಾಡಿಯನ್ನು ಕಣ್ಣಾರೆ ನೋಡಿದೆವು. ಯಾವುದೇ ಉಡುಪು ಹೊಲಿಯುವ ಮುನ್ನ ಉಡುವವರ ಮೈ ನೋಡಬೇಕು ಎನ್ನುವುದು ನನ್ನ ನಿಯಮ. ಮೈ ಚೆಂದವಿತ್ತು. ಚಪ್ಪಟೆ ತಳ, ಒಳಗೆ ಗಟ್ಟಿ ಫೋಮು ತುಂಬಿದ ಫೈಬರು. ಇಂಜಿನ್ನು ನಿಂತರೂ ಮುಳುಗದು. ಮೇಲೆ ಹಗುರ ಅಲ್ಯೂಮಿನಿಯಮ್ಮಿನ ಕ್ಯಾಬಿನ್ನು, ನಡುವೆ ಓಣಿ ಬಿಟ್ಟು ಎರಡೆರಡು ಸೀಟು, ಮಡಿಲ ಮಟ್ಟಕ್ಕೆ ಇಳಿಯುವ ದೊಡ್ಡ ಗಾಜು. ಬಾಗಿಲು ಮುಂಭಾಗದಲ್ಲಿ. ಅದು ಮುಂದಕ್ಕೆ ಬಿದ್ದು ಏಣಿಯಾಗುತ್ತದೆ, ಕೆಸರು ಮುಟ್ಟದೆ ದಡಕ್ಕೇ ಕಾಲಿಡಬಹುದು. ಹಿಂದೆ ಆಳೆತ್ತರದ ಬಳೆಯೊಳಗೆ ಗಾಡಿಯನ್ನು ಮುಂದೆ ನೂಕುವ ರೆಕ್ಕೆ, ಅದರ ಬೆನ್ನಿಗೆ ಗಾಳಿಯನ್ನು ಎಡಬಲಕ್ಕೆ ತಿರುಗಿಸುವ ಎರಡು ನಿಲುವು ಹಲಗೆ.

“ಬ್ರೇಕ್ ಎಲ್ಲೈತ್ರಿ?” ಎಂದೆ.

“ಬ್ರೇಕ್ ಇರಂಗಿಲ್ಲ. ಗಾಳಿ ಕಡಿಮಿ ಮಾಡಿದ್ರ ತಾನ ಕುಂದ್ರತೈತಿ.”

ಮಾಸ್ಟರು ಗಡ್ಡ ನೀವಿಕೊಂಡು, “ಅರೇ, ಸಿಟ್ಟು ಇಳಿದ್ರೆ ಕೂತ್ಕೊಳ್ಳೋ ಗಾಡಿ. ನಮ್ಮ ಅಕ್ಕನ ಥರ,” ಎಂದರು. ವರ್ಷಕ್ಕೆ ಒಂದೇ ತಮಾಷೆ ಅವರದು. ಆ ವರ್ಷದ್ದು ಹಾಗೆ ಖರ್ಚಾಯಿತು.

ಒಳಗೆ ಕೂತು ಇಂಜಿನ್ನು ಚಾಲೂ ಮಾಡಿಸಿದರೆ ಅಕ್ಕಿ ಮಿಲ್ಲಿನೊಳಗೆ ತಲೆ ಇಟ್ಟ ಹಾಗಿತ್ತು. ಸದ್ದು ಹೀರುವ ದುಬಾರಿ ಹಾಳೆ ಹೊರಗಿನಿಂದ ಬರಬೇಕು ಎಂದರು ಇಂಜಿನಿಯರು. ನಾನು ಗೋಡೆಯ ಟೊಳ್ಳನ್ನು ಬೆರಳಲ್ಲಿ ಅಳೆದೆ. ನನ್ನ ಶೆಡ್ಡಿನ ಮೂಲೆಯಲ್ಲಿ ಜೀನ್ಸಿನ ಕತ್ತರಿ ಚೂರು ಮೂಟೆಗಟ್ಟಲೆ ಬಿದ್ದಿತ್ತು. ಅದನ್ನು ಕೌದಿಯಂತೆ ಪದರ ಪದರವಾಗಿ ಒತ್ತಿ ಹೊಲಿದು, ಬೆಂಕಿ ತಗುಲದ ದ್ರಾವಣದಲ್ಲಿ ಅದ್ದಿ ಒಣಗಿಸಿ, ಗೋಡೆಗೂ ಛಾವಣಿಗೂ ತುಂಬಿಸಿದೆವು. ಸದ್ದು ಎಷ್ಟು ಇಳಿಯಿತೆಂದರೆ ಪಕ್ಕದ ಸೀಟಿನವರ ಚಾಡಿ ಮಾತು ಕೇಳುವಷ್ಟು. ಮೂಲೆಗೆಸೆದದ್ದನ್ನು ತಿಂಗಳಿಗೊಮ್ಮೆ ಕೆದಕಿ ನೋಡಿ ಎಂದು ಹೊಸದಾಗಿ ಶೆಡ್ಡು ಹಾಕುವವರಿಗೆಲ್ಲ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.

ಲಂಗದ ಕೆಲಸ ಹಿಡಿದೆವು. ಅದರಲ್ಲಿ ಎರಡು ಭಾಗ. ಮೇಲೆ ಗಾಡಿಯ ಸುತ್ತ ಹೆಬ್ಬಾವಿನಂತೆ ಬಳಸುವ ಗಾಳಿಚೀಲ. ಅದರ ಕೆಳಗೆ ಒಂದಕ್ಕೊಂದು ಒತ್ತಿಕೊಂಡು ಜೋತುಬೀಳುವ ನೂರಾ ಹನ್ನೆರಡು ಬಿಡಿ ತುಂಡು. ಇವಕ್ಕೆ ಬೆರಳು ಎನ್ನುತ್ತಾರೆ. ಕಲ್ಲು ಸಿಕ್ಕರೆ ಆ ಒಂದು ಬೆರಳು ಮಡಚಿಕೊಳ್ಳುತ್ತದೆ, ಉಳಿದವು ಗಾಳಿ ಹಿಡಿದಿರುತ್ತವೆ. ಒಂದು ಸವೆದರೆ ಒಂದನ್ನೇ ಬದಲಿಸಬಹುದು.

ಟಾರ್ಪಾಲಿನವರು ಸೋತದ್ದು ಎಲ್ಲಿ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ಅವರು ಎರಡು ಅಂಚು ಒಂದರ ಮೇಲೊಂದು ಇಟ್ಟು ಹೊಲಿದಿದ್ದರು. ಸೂಜಿ ಹೊಕ್ಕ ಪ್ರತಿ ರಂಧ್ರದಲ್ಲೂ ಗಾಳಿ ಸೀಟಿ ಊದುತ್ತಿತ್ತು. ಜೀನ್ಸಿನ ಕಾಲಿನ ಒಳಹೊಲಿಗೆ ನೋಡಿದ್ದೀರಲ್ಲ? ಎರಡು ಅಂಚು ಒಂದರೊಳಗೊಂದು ಮಡಚಿ ಕೈ ಕೈ ಹಿಡಿದ ಹಾಗೆ, ಮೇಲೆ ಎರಡು ಸಾಲು ದಾರ. ನಾವು ಅದನ್ನೇ ಹಾಕಿದೆವು. ಹೊಲಿಗೆಯ ಮೇಲೆ ರಬ್ಬರಿನ ಅಂಟು ಸವರಿದೆವು. ಬಳ್ಳಾರಿಯಲ್ಲಿ ನಿದ್ದೆಗಣ್ಣಲ್ಲೂ ಹಾಕುವ ಹೊಲಿಗೆ ಅದು.

ಕೆಲಸ ಮುಗಿದದ್ದು ಒಂದು ಶುಕ್ರವಾರ. ಮಾಸ್ಟರು ನಮಾಜಿಗೆ ಹೋಗಿದ್ದರು. ಚೆಕಿಂಗ್ ಟೇಬಲ್ಲಿನಲ್ಲಿ ಕೊನೆಯ ಸುತ್ತು ನಾನೇ ನೋಡುವುದು ರೂಢಿ. ದೋಷ ಕಂಡಲ್ಲಿ ಬಾಣದ ಚಿಕ್ಕ ಸ್ಟಿಕರು ಅಂಟಿಸುತ್ತೇವೆ, ಅದು ಸರಿಯಾಗುವ ತನಕ ಪೀಸು ಗೇಟು ದಾಟುವುದಿಲ್ಲ. ಎಲ್ಲ ಸರಿಯಿತ್ತು, ಗಾಳಿಚೀಲದ ಹಿಂಭಾಗದ ತುಂಡಿನ ಹೊರತು. ಅದರ ತಳದಲ್ಲಿ ಕಿರುಬೆರಳು ತೂರುವಷ್ಟು ತೂತು. ಒಂದಲ್ಲ, ಒಂದೇ ಅಂತರದಲ್ಲಿ ಇಪ್ಪತ್ತೊಂದು.

ಜೀನ್ಸಿನ ಕೆಲಸದಲ್ಲಿ ಜೇಬು ಎಲ್ಲಿ ಕೂರಬೇಕೆಂದು ಗುರುತು ಮಾಡಲು ಒಂದರ ಮೇಲೊಂದು ಪೇರಿಸಿದ ಬಟ್ಟೆಯ ಥಪ್ಪಿಗೆ ಡ್ರಿಲ್ಲಿನಲ್ಲಿ ಸಣ್ಣ ರಂಧ್ರ ಕೊರೆಯುತ್ತೇವೆ. ಜೇಬು ಕೂತ ಮೇಲೆ ಅದು ಮುಚ್ಚಿಹೋಗುತ್ತದೆ. ಮಾಸ್ಟರಿಗೆ ವಯಸ್ಸಾಯಿತು, ಜೇಬೇ ಇಲ್ಲದ ಲಂಗಕ್ಕೆ ರೂಢಿಯ ಮೇಲೆ ಡ್ರಿಲ್ಲು ಇಟ್ಟುಬಿಟ್ಟಿದ್ದಾರೆ ಎಂದುಕೊಂಡೆ. ಗಾಳಿ ಹಿಡಿಯಬೇಕಾದ ಚೀಲಕ್ಕೆ ತೂತು! ಹಿರಿಯ ಮನುಷ್ಯನನ್ನು ಎಲ್ಲರ ಮುಂದೆ ಕೇಳಿ ಅವಮಾನ ಮಾಡುವುದು ಬೇಡವೆಂದು, ಅವರು ಬರುವಷ್ಟರಲ್ಲಿ ನಾನೇ ಕೂತೆ. ಅದೇ ಬಟ್ಟೆಯ ಬಿಲ್ಲೆ ಕತ್ತರಿಸಿ, ಅಂಟು ಹಾಕಿ, ಒಳಗಿನಿಂದ ಇಪ್ಪತ್ತೊಂದನ್ನೂ ಮುಚ್ಚಿದೆ. ಹೊರಗಿನಿಂದ ರಬ್ಬರು ತೀಡಿದೆ. ನನ್ನ ಕಣ್ಣಿಗೇ ಗುರುತು ಸಿಗಲಿಲ್ಲ. ಮಾಸ್ಟರ ಮಾನ ಉಳಿಯಿತೆಂದು ಆ ಸಂಜೆ ಎರಡು ಚಹಾ ಹೆಚ್ಚು ಕುಡಿದೆ.

ಡಿಸೆಂಬರಿನಲ್ಲಿ ಕುರುಗೋಡಿನ ಭತ್ತ ಕೊಯ್ದ ಗದ್ದೆಯಲ್ಲಿ ಮೊದಲ ಸಲ ಎಬ್ಬಿಸಿದೆವು. ಫ್ಯಾನು ತಿರುಗಿತು. ನೆಲದ ಮೇಲೆ ಮುದುಡಿ ಬಿದ್ದಿದ್ದ ಲಂಗ ಉಸಿರು ಎಳೆದುಕೊಂಡಂತೆ ಉಬ್ಬಿತು, ಬೆರಳುಗಳು ಒಂದೊಂದಾಗಿ ನೆಟ್ಟಗಾದವು, ಇಡೀ ಗಾಡಿ ಒಂದೂವರೆ ಮೊಳ ಮೇಲೆದ್ದು ಅಲ್ಲಾಡುತ್ತ ನಿಂತಿತು. ಓವರ್‌ಲಾಕಿನವಳು ಒಂದೇ ಕೈಯಲ್ಲಿ ಅದನ್ನು ನೂಕಿದಳು. ಅಷ್ಟು ಭಾರದ್ದು ಕೋಳಿಪುಕ್ಕದಂತೆ ಪಕ್ಕಕ್ಕೆ ಜಾರಿತು. “ಯಕ್ಕಾ, ನನ್ನ ಗಂಡನ್ನ ಇದಕ್ಕಿಂತ ಜೋರು ನೂಕಬೇಕು, ನೋಡು!” ಎಂದು ಕೂಗಿದಳು. ಕೂಳೆ ಮೇಲೆ, ಬದುವಿನ ಮೇಲೆ, ಕೆಸರಿನ ಮೇಲೆ ಗಾಡಿ ಓಡಾಡಿತು. ಇಂಜಿನಿಯರು ಕೆಳಗಿಳಿದು ಲಂಗದ ಸುತ್ತ ಕೈ ಆಡಿಸಿ, “ಗಾಳಿ ಒಂಚೂರೂ ಸೋರವಲ್ದು ಅಕ್ಕಾರ. ನಾನು ಇಷ್ಟು ನಿರೀಕ್ಷೆ ಮಾಡಿರಲಿಲ್ಲ,” ಎಂದರು. ನಾನು ಮಾಸ್ಟರ ಕಡೆ ನೋಡಿ ಒಳಗೊಳಗೇ ಬೀಗಿದೆ.

ಪರೀಕ್ಷೆ ಸಿರುಗುಪ್ಪದ ಹತ್ತಿರ, ತುಂಗಭದ್ರೆಯಲ್ಲಿ. ಭತ್ತ ಕೊಯ್ಯುವ ಯಂತ್ರ ಸಾಗಿಸುವ ಟ್ರೇಲರಿನ ಮೇಲೆ ಗಾಡಿ ಮೆರವಣಿಗೆಯಂತೆ ಹೋಯಿತು. ಅನುಮತಿಯ ಕಾಗದ, ಲೈಫ್ ಜಾಕೆಟು ಎಲ್ಲವೂ ಸಿದ್ಧವಿದ್ದವು. ಮ್ಯಾನೇಜರು ಇಸ್ತ್ರಿ ಮಾಡಿದ ಅಂಗಿಯ, ಕೈಗಡಿಯಾರ ನೋಡುತ್ತಲೇ ಮಾತಾಡುವ ಮನುಷ್ಯ. ಮರಳ ಮೂಟೆ ಕೂರಿಸಿ ಓಡಿಸುವುದು ಬೇಡ, ಜನ ಕೂತಿರಬೇಕು ಎಂದು ಮೊದಲೇ ಹೇಳಿದ್ದರು. ಅದಕ್ಕೆ ನಮ್ಮ ಶೆಡ್ಡಿನ ಹನ್ನೊಂದು ಹೆಂಗಸರು ಮತ್ತು ನಾನು. ಮುಚ್ಚಿಟ್ಟ ಎಂಟು ಮಷೀನಿನ ಎಂಟೂ ಜನರನ್ನು ಹೇಳಿ ಕಳಿಸಿ ಕರೆಸಿದ್ದೆ. ಏನು ನಡೆದರೂ ಅವರ ಕಣ್ಣೆದುರೇ ನಡೆಯಲಿ ಎಂದು.

“ಕೆಳಗಡೆ ಬಂಡೆ ಸಾಲು ಕಾಣ್ತಿದೆಯಲ್ಲ, ಅಲ್ಲಿಯವರೆಗೆ. ಮೂರು ಕಿಲೋಮೀಟರು,” ಎಂದರು ಮ್ಯಾನೇಜರು. “ನಡುವಿನ ಮರಳದಿಣ್ಣೆ ಹತ್ತಿ ಇಳೀಬೇಕು. ನಿಲ್ಲಿಸದೆ ಹೋಗಿ ಬರೋದಕ್ಕೆ ಹತ್ತು ನಿಮಿಷ. ನಾಲ್ಕು ಗಂಟೆಗೆ ನಾನು ಹೊರಡಬೇಕು.”

ದಡದಲ್ಲಿ ತೆಪ್ಪದವನೊಬ್ಬ ಬಲೆ ಬಿಡಿಸುತ್ತ ಕೂತಿದ್ದ. ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, “ಏಮಮ್ಮಾ, ಬಸ್ಸಿಗೆ ಲಂಗ ಉಡಿಸಿ ಹೊಳಿ ದಾಟಾಕ ಬಂದೀರಿ? ಸೀರಿ ಸಿಗಲಿಲ್ಲೇನು?” ಎಂದ.

“ಸೀರಿ ನಿನ್ನ ತೆಪ್ಪಕ್ಕ ಉಡಸ್ತೀವಿ ಬಾರಣ್ಣ,” ಎಂದಳು ಓವರ್‌ಲಾಕಿನವಳು ಏಣಿ ಹತ್ತುತ್ತ.

ಬಾಗಿಲು ಮುಚ್ಚಿತು. ಇಂಜಿನಿಯರೇ ಚಾಲಕರು. ಗಾಡಿ ದಡದಿಂದ ನೀರಿಗೆ ಇಳಿದದ್ದು ಗೊತ್ತೇ ಆಗಲಿಲ್ಲ, ಅಷ್ಟು ನಯ. ಅವರು ಮೊದಲೇ ವಿವರಿಸಿದ್ದರು: ನೀರಿನ ಮೇಲೆ ಹೊರಟಾಗ ಗಾಡಿ ತನ್ನ ಮುಂದೆ ತಾನೇ ಒಂದು ಅಲೆ ಎಬ್ಬಿಸುತ್ತದೆ. ಬಲ ಸಾಕಷ್ಟಿದ್ದರೆ ಆ ಅಲೆಯನ್ನು ಹತ್ತಿ ದಾಟಿ ಮುಂದೆ ಹಾರಿದಂತೆ ಓಡುತ್ತದೆ. ದಾಟದಿದ್ದರೆ ಅದರ ಹಿಂದೆಯೇ ಎಮ್ಮೆಯಂತೆ ತೇಲುತ್ತಿರಬೇಕು.

ದಾಟಲಿಲ್ಲ. ಇಂಜಿನ್ನು ಕಿರುಚಿತು, ಮೂತಿ ಮೇಲಾಯಿತು, ಬಾಲ ಕೆಳಗಾಯಿತು, ಕಿಟಕಿಯ ತುಂಬ ನೀರು ಸಿಡಿಯಿತು. ನಡುಹೊಳೆಯ ತನಕ ತೆವಳಿ ಹೋಗಿ, ತಿರುಗಿ ತೆವಳಿಕೊಂಡೇ ಬಂದೆವು. ಹಿಂದಿನ ಸೀಟಿನ ಹೆಂಗಸು ನನ್ನ ಭುಜ ಮುಟ್ಟಿ, “ಯಕ್ಕಾ, ಇದು ಇಷ್ಟೇನಾ?” ಎಂದಳು. ಎಂಟು ಮಷೀನುಗಳಲ್ಲಿ ಒಂದು ಅವಳದು.

ಎರಡನೇ ಸಲ ದಪ್ಪನೆಯವರನ್ನೆಲ್ಲ ಮುಂದೆ ಕೂರಿಸಿ ಹೊರಟೆವು. ಅದೇ ಕಥೆ, ಬಾಲ ಇನ್ನೂ ಭಾರ. ದಡಕ್ಕೆ ಬಂದಾಗ ಗಂಟೆ ಒಂದೂಮುಕ್ಕಾಲು. ಮ್ಯಾನೇಜರು ಕಾರಿನ ಬಳಿ ಹೋಗಿ ಊಟದ ಡಬ್ಬಿ ಬಿಚ್ಚಿದರು. ಇಂಜಿನಿಯರು ಇಂಜಿನ್ನಿನ ಮುಚ್ಚಳ ತೆಗೆದರು, ಫ್ಯಾನಿನ ಬೆಲ್ಟು ಎಳೆದು ನೋಡಿದರು, ಕೈಯ ಎಣ್ಣೆ ಒರೆಸಿಕೊಂಡರು. ಅಷ್ಟು ವರ್ಷ ಹಡಗು ಕಟ್ಟಿದ ಮನುಷ್ಯ ಒಂದೇ ಗಂಟೆಯಲ್ಲಿ ಮುದುಕರಾದಂತೆ ಕಂಡರು.

“ಇಂಜಿನ್ ಸರಿ ಐತಿ. ಎಲ್ಲಾ ಸರಿ ಐತಿ. ಯಾಕ ಏಳವಲ್ದು?”

ತೆಪ್ಪದವನು ಬಲೆ ಬಿಟ್ಟು ಎದ್ದು ಬಂದು ಗಾಡಿಯ ಹಿಂಭಾಗಕ್ಕೆ ಕಾಲಿನಿಂದ ಮೆಲ್ಲಗೆ ಒದ್ದ. ಒಳಗೆ ಗುಳುಗುಳು ಎಂದಿತು. “ಹಿಂದ ನೀರು ಕುಡದೈತ್ರಿ ಇದು. ಹೊಟ್ಟಿ ಉಬ್ಬೈತಿ. ಹೆಂಗ ಎದ್ದೀತು?”

ಇಂಜಿನಿಯರು ಮಂಡಿಯೂರಿ ಚೀಲದ ತಳ ತಡವಿದರು. “ಹಿಂದ ಸಿಡಿಯೋ ನೀರು ಚೀಲದಾಗ ಹೊಕ್ಕೇ ಹೊಗತೈತಿ. ಅದಕ್ಕ ತಳದಾಗ ತೂತು ಇಟ್ಟಿದ್ನೆಲ್ಲ. ಒಳಗಿನ ಗಾಳಿ ಒತ್ತಿ ನೀರು ಹೊರಗ ಹಾಕಬೇಕು...” ಅವರ ಕೈ ತಡವುತ್ತಲೇ ಇತ್ತು. “ಮಾಸ್ಟರ್ರೀ, ತೂತು ಕೊರದಿದ್ರೆಲ್ಲ?”

“ಇಪ್ಪತ್ತೊಂದು. ನಕ್ಷೆಯಲ್ಲಿ ಇದ್ದಂಗೆ. ಬಿಲ್ಕುಲ್,” ಎಂದರು ಮಾಸ್ಟರು.

ಒಂದು ಗಳಿಗೆ ಸುಮ್ಮನಿರುವ ಯೋಚನೆ ಬಂದದ್ದು ನಿಜ, ಸುಳ್ಳು ಯಾಕೆ ಬರೆಯಲಿ. ಬಟ್ಟೆ ತಾನೇ ಅಂಟಿಕೊಂಡಿತು, ಅಂಟು ಹರಿದು ಬಂತು, ಹೇಳಲು ಹತ್ತು ಕಾರಣ ಇದ್ದವು. ಆದರೆ ಹಾಗೆ ಹೇಳಿದರೆ ಬೆರಳು ಮಾಸ್ಟರ ಕಡೆಗೆ ತಿರುಗುತ್ತಿತ್ತು.

“ತೂತು ಮುಚ್ಚಿದಾಕಿ ನಾನು,” ಎಂದೆ. “ಡ್ರಿಲ್ ಮಾರ್ಕು ಅಂದ್ಕೊಂಡೆ. ಮಾಸ್ಟರ್ರನ್ನ ಕೇಳಲಿಲ್ಲ.”

ಮಾಸ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಜೇಬು ಇಲ್ಲದ ಕಡೆ ನಾನು ಡ್ರಿಲ್ ಹಾಕ್ತೀನಾ ಅಕ್ಕಾ?”

“ಹರಿದ ಪ್ಯಾಂಟಿಗೆ ಹೆಚ್ಚಿಗಿ ರೇಟ್ ಹಾಕಿ ಮಾರೋ ಅಕ್ಕ ನೀನು!” ಎಂದಳು ಓವರ್‌ಲಾಕಿನವಳು ಹಣೆ ಚಚ್ಚಿಕೊಂಡು. “ಮೊಣಕಾಲಿಗೆ ನಾವ ಬ್ಲೇಡ್ ಹಾಕಿ ಹರಿತೀವಿ. ಇಲ್ಲಿ ಬೇಕಂತ ಇಟ್ಟ ತೂತು ನಿನಗ ಕಾಣ್ಲಿಲ್ಲೇನು?”

ನೀವು ಧಣಿಯಾಗಿದ್ದರೆ ನನ್ನಿಂದ ಇಷ್ಟು ಕಲಿಯಿರಿ: ಕೆಲಸಗಾರರ ತಪ್ಪನ್ನು ಅವರಿಗೆ ಗೊತ್ತಾಗದಂತೆ ಮುಚ್ಚುವುದು ದೊಡ್ಡ ಮನಸ್ಸಲ್ಲ, ಮೊದಲು ಅವರನ್ನು ಕೇಳಿ. ಎರಡು ನಿಮಿಷದ ಪ್ರಶ್ನೆ ಅದು.

ಇಂಜಿನಿಯರು ಬೈಯಲಿಲ್ಲ. ಚಾಕು ತೆಗೆದು ಬಿಲ್ಲೆಗಳನ್ನು ಕತ್ತರಿಸಲು ಬಗ್ಗಿದರು. ಮಾಸ್ಟರು ಅವರ ಮಣಿಕಟ್ಟು ಹಿಡಿದರು.

“ಚಾಕು ಬೇಡ ಸಾಬ್. ಬಿಲ್ಲೆ ಸೇರಿ ಈಗ ಎರಡು ಪದರ ಆಗಿದೆ. ಚಾಕು ಹಾಕಿದ ಅಂಚು ಹಂಗೇ ಬಿಟ್ರೆ ಓಟದಲ್ಲಿ ಅಲ್ಲಿಂದಲೇ ಸೀಳುತ್ತೆ.”

ಆಗ ನನ್ನ ಬುದ್ಧಿ ಮರಳಿ ಬಂತು. ನಾನು ಎಲ್ಲಿಗೆ ಹೋದರೂ ಜೊತೆಗಿರುವ ತಗಡಿನ ಪೆಟ್ಟಿಗೆಯಲ್ಲಿ ಸೂಜಿ, ದಾರ, ಗುಂಡಿ, ಐಲೆಟ್ಟು, ಮತ್ತೆ ತೂತು ಕೊರೆದು ಐಲೆಟ್ಟು ಹೊಡೆಯುವ ಕೈಯಚ್ಚು ಇದ್ದವು. ಐಲೆಟ್ಟು ಎಂದರೆ ಕೈಚೀಲದ ಬಾಯಿಯ ರಂಧ್ರಕ್ಕೆ ಕೂರಿಸುವ ಹಿತ್ತಾಳೆಯ ಬಳೆ. ತೂತಿನ ಅಂಚನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತದೆ, ಬಟ್ಟೆ ಸೀಳಲು ಬಿಡುವುದಿಲ್ಲ. ಇಂಜಿನಿಯರು ಒಂದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಅವರ ಮುಖ ಬೆಳಗಿನ ವಯಸ್ಸಿಗೆ ಮರಳಿತು.

ನಾನು ಕಾರಿನ ಬಳಿ ಹೋದೆ. “ಸಾಹೇಬ್ರ, ತಪ್ಪು ಗಾಡೀದಲ್ಲ, ನಂದು. ಗೊತ್ತಾಗೈತಿ, ಸರಿ ಮಾಡಾಕತ್ತೀವಿ. ಇನ್ನೊಂದ ಸಲ ನೋಡ್ರಿ.”

“ಮೂರೂವರೆಗೆ ನೀರಲ್ಲಿ ಇರಬೇಕು,” ಎಂದರು ಅವರು ಡಬ್ಬಿ ಮುಚ್ಚುತ್ತ. “ಮತ್ತೆ ನಿಂತರೆ?”

“ಈ ಸಲ ದಂಡಿ ಮ್ಯಾಲ ನಿಂತು ನೋಡಬ್ಯಾಡ್ರಿ. ಒಳಗ ಕುಂದ್ರಿ. ನಿಂತ್ರ ನಿಮ್ಮ ಎದುರಿಗೇ ನಿಲ್ಲಲಿ. ಓಡಿದ್ರ ನೀವೂ ಅದರಾಗೇ ಇರ್ತೀರಿ.”

ಅವರು ಮೊದಲ ಸಲ ಗಡಿಯಾರ ಬಿಟ್ಟು ನನ್ನ ಮುಖ ನೋಡಿದರು.

ಟ್ರೇಲರಿನ ಎರಡು ಜಾಕು ಇಟ್ಟು ಬಾಲ ಎತ್ತಿದೆವು. ಚೀಲದ ಮೂಲೆಯ ಕೊಕ್ಕೆ ಬಿಚ್ಚಿದರೆ ನೀರು ಕೊಡಗಟ್ಟಲೆ ಸುರಿಯಿತು. ಮಾಸ್ಟರು ಅಂಗಾತ ಮಲಗಿ ಬಟ್ಟೆಗೆ ಮರದ ತುಂಡು ಆನಿಸಿದರು, ನಾನು ಪಕ್ಕದಲ್ಲಿ ಬಗ್ಗಿ ಅಚ್ಚಿನ ಮೇಲೆ ಸುತ್ತಿಗೆ ಬೀಸಿದೆ. ಹೆಂಗಸರು ಸುತ್ತ ಕೂತು ಜೋರಾಗಿ ಎಣಿಸಿದರು. ಹದಿನಾರಕ್ಕೆ ನನ್ನ ಹೆಬ್ಬೆರಳಿಗೆ ಪೆಟ್ಟು ಬಿತ್ತು. ಇಪ್ಪತ್ತೊಂದಕ್ಕೆ ತೆಪ್ಪದವನೂ ಕೂಗಿದ.

ಮ್ಯಾನೇಜರಿಗೆ ಜಾಗ ಮಾಡಲು ಓವರ್‌ಲಾಕಿನವಳು ಇಳಿಯಬೇಕಾಯಿತು. “ಎಮ್ಮಿ ಆಗಿದ್ದಾಗ ನಾನು ಬೇಕಿತ್ತು, ಕುದುರಿ ಆಗೋ ಹೊತ್ತಿಗೆ ಇಳಿ ಅಂತೀರಿ,” ಎಂದು ಗೊಣಗುತ್ತ ಜಾಕೆಟ್ಟು ಬಿಚ್ಚಿ ಅವರ ಕೈಗಿಟ್ಟಳು. ಅವರು ನನ್ನ ಪಕ್ಕ ಕೂತು ಬೆಲ್ಟು ಎರಡು ಸಲ ಎಳೆದು ನೋಡಿಕೊಂಡರು.

ಗಾಡಿ ಎದ್ದಿತು, ಇಳಿಯಿತು, ನೀರಿನ ಮೇಲೆ ಬಂತು. ಮೂತಿಯ ಮುಂದೆ ಅಲೆ ಏಳತೊಡಗಿತು. ನಾನು ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದೆ. ಬಾಲದ ಕೆಳಗಿನಿಂದ ಸಾಲಾಗಿ ಇಪ್ಪತ್ತೊಂದು ಪಿಚಕಾರಿ! ಚೀಲ ಕುಡಿದ ನೀರನ್ನೆಲ್ಲ ಉಗುಳುತ್ತಿತ್ತು. ಮೂತಿ ಒಂದು ಗಳಿಗೆ ಮೇಲೆದ್ದು ತಡೆಯಿತು, ಹಿಂದಿನವಳು ನನ್ನ ಭುಜ ಹಿಂಡಿದಳು, ಆಮೇಲೆ ಮೂತಿ ಮೆಲ್ಲಗೆ ಮಟ್ಟವಾಯಿತು. ಅಲೆ ನಮ್ಮ ಕೆಳಗೆ ಬಂದು ಹಿಂದೆ ಉಳಿಯಿತು.

ಆಮೇಲಿನದನ್ನು ಓಟ ಎನ್ನಬೇಕೋ ಹಾರಾಟ ಎನ್ನಬೇಕೋ. ಮುಳ್ಳು ಅರವತ್ತರ ಹತ್ತಿರ ನಡುಗುತ್ತಿತ್ತು, ಆದರೆ ಮೈಗೆ ಒಂದು ಕುಲುಕೂ ಇಲ್ಲ. ಎರಡೂ ದಡದ ಜಾಲಿ ಗಿಡಗಳು ಹಸಿರು ಗೆರೆಯಾದವು. ಮರಳದಿಣ್ಣೆ ಎದುರಾಯಿತು. ಮ್ಯಾನೇಜರು ಸೀಟಿನ ಅಂಚು ಹಿಡಿದು “ಅಯ್ಯೋ, ದಿಣ್ಣೆ, ದಿಣ್ಣೆ!” ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ಅದನ್ನು ಹತ್ತಿ ಇಳಿದು ಮತ್ತೆ ನೀರಲ್ಲಿದ್ದೆವು. ಬೆರಳುಗಳು ಒಂದೊಂದೂ ಬಾಗಿ ಎದ್ದದ್ದು ನನ್ನ ಪಾದಕ್ಕೆ ಗೊತ್ತಾಯಿತು, ಅಥವಾ ಹಾಗೆ ಅನಿಸಿತು. ಬಂಡೆ ಸಾಲಿನ ಬಳಿ ಇಂಜಿನಿಯರು ಹಲಗೆ ತಿರುಗಿಸಿದರು, ಗಾಡಿ ಅಗಲವಾಗಿ ಜಾರುತ್ತ ಅರ್ಧ ಚಂದ್ರ ಬರೆದು ತಿರುಗಿತು. ಹೆಂಗಸರೆಲ್ಲ ಕಿರುಚಿದರು. ನಾನೂ ಕಿರುಚಿದೆ. ಜೀನ್ಸ್ ಚೂರಿನ ಗೋಡೆ ಅಷ್ಟನ್ನೂ ನುಂಗಿಕೊಂಡಿತು.

ದಡ ಹತ್ತಿ, ಗಾಳಿ ಇಳಿದು, ಗಾಡಿ ನಿಟ್ಟುಸಿರು ಬಿಟ್ಟು ಕೂತಾಗ ಮ್ಯಾನೇಜರು ಗಡಿಯಾರ ನೋಡಿದರು. “ಎಂಟು ನಿಮಿಷ,” ಎಂದರು. ಇನ್ನೊಂದು ಸಲ ನೋಡಿ, “ಎಂಟಕ್ಕೂ ಸ್ವಲ್ಪ ಕಡಿಮೆ.” ಇಂಜಿನಿಯರು ಚಾಲಕನ ಸೀಟಿನಿಂದ ಏಳಲೇ ಇಲ್ಲ. ಕೈ ಎರಡೂ ಹಿಡಿಯ ಮೇಲೆ ಇಟ್ಟು ಮುಂದಿನ ಗಾಜನ್ನೇ ನೋಡುತ್ತಿದ್ದರು. ಮಾಸ್ಟರು ಬಂದು ಗಾಜಿನ ಆಚೆಯಿಂದ ಸಲಾಮು ಹೊಡೆದ ಮೇಲೆ ನಕ್ಕರು.

ಮಾತು ಅಲ್ಲೇ, ಕಾರಿನ ಬಾನೆಟ್ಟಿನ ಮೇಲೆ ಮುಗಿಯಿತು. ನಾಲ್ಕು ವಾಹನ. ಕಾಗದ ಮಡಚುವ ಮೊದಲು ನಾನು ಬೆರಳಿಟ್ಟೆ. “ಸಾಹೇಬ್ರ, ಇನ್ನೊಂದ ಸಾಲು ಸೇರಸ್ರಿ. ಗಾಡಿಗೊಂದು ಬದಲಿ ಲಂಗ, ಪೂರ್ತಿ ಸೆಟ್ಟು. ಬೆರಳು ಹರದ ದಿನ ಗಾಡಿ ನಿಂತ್ರ ನಿಮ್ಮ ಜನ ಮತ್ತ ರಾಡ್ಯಾಗ ನಡೀಬೇಕಾಗತೈತಿ.”

“ನಾಲ್ಕರದ್ದು ಎಂಟು ಮಾಡಿದ್ರಿ!”

“ಮಷೀನೂ ಎಂಟೇ ಅದಾವ್ರಿ,” ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ಬರೆದರು. ಪಕ್ಕದಲ್ಲಿ ನಿಂತ ಹೆಂಗಸರಿಗೆ ಅರ್ಥವಾಗಿತ್ತು. ಅವರಲ್ಲೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಹೊಳೆಯ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ನಾನು ಶೆಡ್ಡು ತೆಗೆಯುವ ಮೊದಲೇ ಆ ಎಂಟೂ ಜನ ಬಾಗಿಲಲ್ಲಿದ್ದರು. ಬೆಡ್‌ಶೀಟುಗಳನ್ನು ಅವರೇ ಎಳೆದು ಒದರಿದರು, ಧೂಳಿಗೆ ಎಲ್ಲರೂ ಸೀನಿದೆವು. ಇಂಜಿನಿಯರು ಹೊಸ ನಕ್ಷೆ ಕಳಿಸಿದರು. ಹಿಂಭಾಗದ ಚಿಕ್ಕ ಸೊನ್ನೆಗಳ ಪಕ್ಕ ಈಗ ‘ಹಿತ್ತಾಳೆ ಐಲೆಟ್’ ಎಂದು ಬರೆದಿತ್ತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಮುಚ್ಚಬೇಡಿ’. ಮಾಸ್ಟರು ಅದನ್ನು ಚೆಕಿಂಗ್ ಟೇಬಲ್ಲಿನ ಎದುರು, ನನ್ನ ಕಣ್ಣಿನ ಮಟ್ಟಕ್ಕೇ ಸರಿಯಾಗಿ, ಗೋಡೆಗೆ ಅಂಟಿಸಿದರು.

ಮೊದಲ ಹಿಂಭಾಗದ ತುಂಡು ಟೇಬಲ್ಲಿಗೆ ಬಂದ ದಿನ ಓವರ್‌ಲಾಕಿನವಳು ಬಾಣದ ಸ್ಟಿಕರಿನ ಹಾಳೆ ಹಿಡಿದು ಒಂದೊಂದೇ ತೂತಿಗೆ ಬೆರಳು ಹಾಕಿ ಎಣಿಸಿದಳು. ಕೊನೆಗೆ ಒಂದು ಸ್ಟಿಕರು ಕಿತ್ತು ಬಟ್ಟೆಗೆ ಅಂಟಿಸಿದಳು.

“ಏನಾತಲೇ? ಎಲ್ಲೈತಿ ದೋಷ?” ಎಂದೆ.

“ಇಪ್ಪತ್ತೇ ಅದಾವ ಯಕ್ಕಾ,” ಎಂದಳು. “ಒಂದು ಕಮ್ಮಿ ಐತಿ. ಪೀಸು ವಾಪಸ್.”

ನಾನು ಅಚ್ಚು, ಸುತ್ತಿಗೆ ತಗೊಂಡು ಮಾಸ್ಟರ ಹತ್ತಿರ ಹೋದೆ. ಮೊದಲು ಕೇಳಿದೆ. ಆಮೇಲೆ ಐಲೆಟ್ಟು ಹೊಡೆದೆ.